ಮರಣ ದಾಖಲೆಯ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಅಭಿವೃದ್ಧಿ ಅಧಿಕಾರಿಗಳಿಗೆ,

ಮಾನ್ಯರೆ, ನಮಸ್ಕಾರ.

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಒಂದು ಹಳ್ಳಿಯಲ್ಲಿ ನಾನು 36 ವರ್ಷ ಅಂಚೆ ಕೆಲಸ ಮಾಡಿದೆ. ಮೊದಲು ಟಪಾಲು ಹಂಚಿದೆ. ಆಮೇಲೆ ಬ್ರಾಂಚ್ ಪೋಸ್ಟ್ ಮಾಸ್ಟರ್ ಅನ್ನಿಸಿಕೊಂಡು ಅದೇ ಟಪಾಲನ್ನು ಅದೇ ಸೈಕಲ್ಲಿನಲ್ಲಿ ಹಂಚಿದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಕಾಗದ ಬಂದಾಗ ವಿಳಾಸದಾರರು ತೀರಿಕೊಂಡಿದ್ದರೆ ಲಕೋಟೆಯ ಮೇಲೆ ‘ಮೃತರು’ ಎಂದು ಬರೆದು, ತಾರೀಕು ಹಾಕಿ, ಚಿಕ್ಕ ಸಹಿ ಮಾಡಿ, ಬಂದ ದಾರಿಯಲ್ಲೇ ವಾಪಸು ಕಳಿಸಬೇಕು. ಹಾಗೆ ಎಷ್ಟು ಸಲ ಬರೆದೆನೋ ಲೆಕ್ಕ ಇಟ್ಟಿಲ್ಲ. ವೃದ್ಧಾಪ್ಯ ವೇತನದ ಮನಿಯಾರ್ಡರ್ ಮೇಲೆ ಬರೆದಿದ್ದೇನೆ, ಸೊಸೈಟಿ ಸಾಲದ ನೋಟಿಸಿನ ಮೇಲೆ ಬರೆದಿದ್ದೇನೆ, ಒಮ್ಮೆ ಮದುವೆಯ ಕರೆಯೋಲೆಯ ಮೇಲೂ ಬರೆದಿದ್ದೇನೆ. ಅವರ ಜಗಲಿಯ ಮೇಲೆ ಕೂತು ಕಾಫಿ ಕುಡಿದವನು ನಾನು, ಅವರ ಹೆಬ್ಬೆಟ್ಟು ಹಿಡಿದು ಇಂಕಿನ ಪ್ಯಾಡಿಗೆ ಒತ್ತಿದವನು. ಅವರ ಬಗ್ಗೆ ಸರ್ಕಾರಕ್ಕೆ ನಾನು ಬರೆದು ತಿಳಿಸಿದ್ದು ಆ ಒಂದೇ ಶಬ್ದ.

ಕೋರಿಕೆ ಸಣ್ಣದು, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪಂಚಾಯಿತಿಯ ಮರಣ ದಾಖಲೆಯ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಿ. ತೀರಿಕೊಂಡ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಪುಟ. ಸತ್ತದ್ದು ಯಾವಾಗ, ಯಾವುದರಿಂದ ಎಂದು ಆ ದಾಖಲೆ ಹೇಳುತ್ತದೆ. ಬದುಕಿದ್ದು ಹೇಗೆ ಎಂದು ಈ ಪುಟ ಹೇಳಲಿ.

ಮರಣ ನೋಂದಣಿಗೆ 1969ರ ಕಾಯ್ದೆ ಇದೆ. 21 ದಿನದೊಳಗೆ ತಿಳಿಸಿದರೆ ದುಡ್ಡು ಕಟ್ಟುವ ಹಾಗಿಲ್ಲ. ಆ ವ್ಯವಸ್ಥೆಯ ಮೇಲೆ ನನ್ನ ದೂರಿಲ್ಲ, ಅದಿಲ್ಲದಿದ್ದರೆ ಖಾತೆ ಬದಲಾಗುವುದಿಲ್ಲ, ವಿಧವಾ ವೇತನ ಸಿಗುವುದಿಲ್ಲ. ಆದರೆ ಮರಣ ವರದಿಯ ನಮೂನೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು, ಸತ್ತ ಜಾಗ, ಉದ್ಯೋಗ, ಕಾರಣ. ಕೆಳಗೆ ಅಂಕಿಅಂಶದ ಭಾಗದಲ್ಲಿ ಇನ್ನಷ್ಟು ಕೇಳುತ್ತಾರೆ. ಬೀಡಿ ಸೇದುತ್ತಿದ್ದರೆ ಎಷ್ಟು ವರ್ಷ, ಹೊಗೆಸೊಪ್ಪು ಹಾಕುತ್ತಿದ್ದರೆ ಎಷ್ಟು ವರ್ಷ, ಅಡಿಕೆ ಜಗಿಯುತ್ತಿದ್ದರೆ ಎಷ್ಟು ವರ್ಷ, ಕುಡಿಯುತ್ತಿದ್ದರೆ ಎಷ್ಟು ವರ್ಷ. ಕೊಪ್ಪ, ಶೃಂಗೇರಿ ಕಡೆ ಅಡಿಕೆ ತೋಟದ ನಡುವೆಯೇ ಹುಟ್ಟಿ ಬೆಳೆದವರ ಮನೆಯಲ್ಲಿ ಈ ಪ್ರಶ್ನೆ ಕೇಳಿದರೆ ಸೂತಕದಲ್ಲೂ ನಗು ಬಂದೀತು. ಎಪ್ಪತ್ತು ವರ್ಷ ಅಡಿಕೆ ಜಗಿದ ಅಜ್ಜಿ ಆ ಎಪ್ಪತ್ತು ವರ್ಷದಲ್ಲಿ ಬೇರೆ ಏನು ಮಾಡಿದಳು ಎಂದು ಕೇಳುವ ಕಾಲಂ ಅಲ್ಲಿಲ್ಲ. ‘ಉದ್ಯೋಗ’ ಅಂತ ಇದೆಯಲ್ಲ ಎನ್ನುತ್ತೀರಿ. ಕೂಲಿ, ವ್ಯವಸಾಯ, ಮನೆಗೆಲಸ. ಈ ಮೂರು ಶಬ್ದ ಗೊತ್ತಿದ್ದರೆ ನಮ್ಮೂರಿನ ಮುಕ್ಕಾಲು ಪಾಲು ಜನರ ಆ ಕಾಲಂ ತುಂಬಿಬಿಡಬಹುದು.

ಹೋದ ಆಷಾಢದಲ್ಲಿ ನಮ್ಮಲ್ಲಿ ಒಬ್ಬರು ಹೋದರು. ದಾಖಲೆಯ ಪ್ರಕಾರ ‘ಕೂಲಿ’. ಹೆಸರು ಇಲ್ಲಿ ಬರೆಯುತ್ತಿಲ್ಲ. ಮನೆಯವರನ್ನು ಕೇಳದೆ ಸತ್ತವರ ಹೆಸರನ್ನು ಬೀದಿಗೆ ತರಬಾರದು, ಪುಸ್ತಕಕ್ಕೂ ಇದೇ ನಿಯಮ ಇರಲಿ. ಊರಿನಲ್ಲಿ ಯಾರೇ ಸತ್ತರೂ ಸೌದೆ ಒಟ್ಟುತ್ತಿದ್ದವರು ಅವರು. ಮಲೆನಾಡಿನ ಮಳೆಗಾಲದಲ್ಲಿ ಹೆಣ ಸುಡುವುದು ಎಂದರೆ ಏನೆಂದು ಬಯಲುಸೀಮೆಯವರಿಗೆ ಹೇಳಿದರೆ ತಿಳಿಯುವುದು ಕಷ್ಟ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಹನಿ ಕಡಿಯುವುದಿಲ್ಲ. ನಮ್ಮ ಸ್ಮಶಾನಕ್ಕೆ ತಗಡಿನ ಚಪ್ಪರ ಬಂದದ್ದು ಈಚೆಗೆ, ಅದಕ್ಕೆ ಮೊದಲು ನಾಲ್ಕು ಗಳ ನೆಟ್ಟು ಟಾರ್ಪಾಲು ಎಳೆದು, ಅದು ಬೆಂಕಿಗೆ ಸುಡದ ಹಾಗೆ, ಮಳೆಗೆ ತೂತಾಗದ ಹಾಗೆ ಕಟ್ಟಬೇಕಿತ್ತು. ಒಣ ಸೌದೆ ಎಲ್ಲಿಂದ ತರುವುದು? ಇವರು ಬೇಸಿಗೆಯಲ್ಲೇ ತೋಟಗಳಲ್ಲಿ ಕಿತ್ತುಹಾಕಿದ ಹಳೆ ಕಾಫಿ ಬೊಡ್ಡೆಗಳನ್ನು ಕೇಳಿ ತಂದು ಕೊಟ್ಟಿಗೆಯ ಅಟ್ಟದ ಮೇಲೆ ಒಣಗಲು ಹಾಕುತ್ತಿದ್ದರು. ಯಾರಿಗೋ ಇದು ಎಂದರೆ, “ಯಾರಿಗಾದ್ರೂ ಬೇಕಾಗುತ್ತಲ್ಲ ಸ್ವಾಮಿ” ಅನ್ನುತ್ತಿದ್ದರು. ತೋಟದ ಸಾಹುಕಾರರಿಗೂ ಅದೇ ಬೊಡ್ಡೆ, ಕೂಲಿಯವರ ಸಾಲುಮನೆಯ, ಅಂದರೆ ಲೈನ್ ಮನೆಯ, ಮುದುಕಿಗೂ ಅದೇ ಬೊಡ್ಡೆ. ಬುಡಕ್ಕೆ ದಪ್ಪ ಕುಂಟೆ, ಸಂದಿಗೆ ತೆಂಗಿನ ಚಿಪ್ಪು, ಗಾಳಿ ಬರುವ ಕಡೆ ಒಂದು ಗೇಣು ಬಾಯಿ ಬಿಡುವುದು. ಒಮ್ಮೆ ಹತ್ತಿಸಿದರೆ ಮತ್ತೆ ಹೋಗಿ ಕೆದಕಬೇಕಾಗಿರಲಿಲ್ಲ.

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಹೆತ್ತ ಮಕ್ಕಳೇ ರಸ್ತೆಯ ಆಚೆ ನಿಂತಿದ್ದಾಗ ಇವರು ಬಿಳಿ ಕಿಟ್ ತೊಟ್ಟು ಒಳಗೆ ಹೋದರು. ಕಿಟ್ಟಿನೊಳಗೆ ಬೆವರು ಇಳಿದು ಕಣ್ಣೇ ಕಾಣಲ್ಲ ಎಂದು ಬೈದುಕೊಂಡದ್ದು ಬಿಟ್ಟರೆ ಆ ದಿನಗಳ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿಲ್ಲ.

ಅವರು ಸತ್ತ ದಿನ ಸೌದೆ ಒಟ್ಟಲು ಹುಡುಗರಿಗೆ ಬರಲಿಲ್ಲ. ಎರಡು ಸಲ ಕುಸಿಯಿತು. ಅವರ ಅಟ್ಟದಿಂದಲೇ ಬೊಡ್ಡೆ ಇಳಿಸಿ ತಂದಿದ್ದೆವು, ಆದರೂ ಹಿಡಿಯಲಿಲ್ಲ, ಡೀಸೆಲ್ ಸುರಿಯಬೇಕಾಯಿತು. ಇದ್ದಿದ್ದರೆ ಬೈಯುತ್ತಿದ್ದರು.

ಸತ್ತವರನ್ನು ಬರೆದಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ, ನೀವೂ ಬಲ್ಲಿರಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಬಳಿ ಗರುಡಗಂಬ ಇದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನೊಂದಿಗೆ ಪ್ರಾಣ ಬಿಟ್ಟ ಅಂಗರಕ್ಷಕ ಕುವರ ಲಕ್ಷ್ಮನನ್ನು ನೆನೆಯುವ ಕಂಬ ಅದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಮಾಡಿ, ಅಂದರೆ ಜೈನ ವ್ರತದಂತೆ ಅನ್ನನೀರು ತೊರೆದು, ದೇಹ ಬಿಟ್ಟವರ ಬಗೆಗಿನ ಬರಹಗಳು ಸಾಲುಗಟ್ಟಿವೆ. ಶಾಸನಗಳನ್ನು ಹುಡುಕಿ ಓದಿದ ವಿದ್ವಾಂಸ ಬಿ. ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸುವ ಹೊತ್ತಿಗೆ ಸಂಖ್ಯೆ 500ಕ್ಕೆ ಏರಿತ್ತು. ಅವುಗಳಲ್ಲಿ ನಂದಿಸೇನ ಎಂಬ ಮುನಿಯ ಶಾಸನವೊಂದು, ರೂಪ ಸಂಪತ್ತುಗಳೆಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಕಂಡು ಕರಗಿಹೋಗುತ್ತವೆ ಎನ್ನುತ್ತದೆ. ಹಾಗೆಂದು ಕಲ್ಲಿನ ಮೇಲೆ ಬರೆದದ್ದರಿಂದ ನಂದಿಸೇನ ಮಾತ್ರ ಸಾವಿರದ ಮುನ್ನೂರು ವರ್ಷವಾದರೂ ಕರಗಲಿಲ್ಲ.

ನಮ್ಮ ಗದ್ದೆ ಬದುಗಳಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯದ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನೆಟ್ಟರು. ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕತ್ತಿ ಹಿಡಿದು ಸತ್ತವನಿಗೆ ಮೂರು ಪಟ್ಟಿಯ ಕಲ್ಲು ಇರುವಾಗ, ಐವತ್ತು ವರ್ಷ ನಾಟಿ ಗದ್ದೆಯಲ್ಲಿ ಬಗ್ಗಿ ಬೆನ್ನು ಮುರಿದುಕೊಂಡವಳಿಗೆ ಒಂದು ಹಾಳೆಯಾದರೂ ಬೇಡವೇ?

ಈಗ ಕಲ್ಲಿನ ಜಾಗಕ್ಕೆ ಫ್ಲೆಕ್ಸ್ ಬಂದಿದೆ. ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಹಾಕಿಸಿದವರ ಫೋಟೊಗಳು, ಸತ್ತವರ ಒಂದಕ್ಕೆ ಹತ್ತು. ಒಂದು ಮಳೆ ಕಳೆದರೆ ಅದು ಕೋಳಿಗೂಡಿನ ಮೇಲಿರುತ್ತದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಎಪ್ಪತ್ತು ಜನ ‘ಓಂ ಶಾಂತಿ’ ಎಂದು ಹಾಕುತ್ತಾರೆ, ಎಪ್ಪತ್ತೊಂದನೆಯವನು ಅಡಿಕೆ ರೇಟು ಹಾಕುತ್ತಾನೆ. ನಾನೂ ಓಂ ಶಾಂತಿ ಹಾಕಿದವನೇ.

ಪತ್ರಿಕೆಯವರು ಬರೆಯುತ್ತಾರಲ್ಲ ಎಂದರೆ, ಬರೆಯುತ್ತಾರೆ, ಸಾವು ದೊಡ್ಡದಾಗಿದ್ದರೆ. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಕಾಡಾನೆ ತುಳಿದು ಯಾರಾದರೂ ಸತ್ತರೆ ಮಾರನೆಯ ದಿನ ಹೆಸರು, ವಯಸ್ಸು, ರಸ್ತೆ ತಡೆ, ಪರಿಹಾರದ ಮೊತ್ತ ಎಲ್ಲ ಬರುತ್ತದೆ. ಆನೆ ಎದುರಾಗುವುದಕ್ಕೆ ಮುಂಚಿನ ಐವತ್ತೈದು ವರ್ಷ ಬರುವುದಿಲ್ಲ. 2025ರ ಮೇ, ಜೂನ್ ನೆನಪಿದೆಯಲ್ಲ? ಹಾಸನ ಜಿಲ್ಲೆಯಲ್ಲಿ ಹೃದಯಾಘಾತ, ಸುಮಾರು ನಲವತ್ತು ದಿನದಲ್ಲಿ 20ಕ್ಕೂ ಹೆಚ್ಚು ಸಾವು ಎಂದು ಟಿ.ವಿ.ಯವರು ದಿನಾ ಎಣಿಸಿದರು. ಜನ ಹೆದರಿ ಎದೆ ತೋರಿಸಿಕೊಳ್ಳಲು ಆಸ್ಪತ್ರೆಗಳ ಮುಂದೆ ಸಾಲು ನಿಂತರು, ಸರ್ಕಾರ ತಜ್ಞರ ಸಮಿತಿ ಮಾಡಿತು. ಅದು ಆಗಬೇಕಾದದ್ದೇ. ಆದರೆ ಇಪ್ಪತ್ತು, ಇಪ್ಪತ್ತೊಂದು ಎಂದು ಎಣಿಸುವಾಗ ಆ ಇಪ್ಪತ್ತೊಂದನೆಯವರು ಯಾರು, ಅವರ ಆಟೋದಲ್ಲಿ ಯಾರ ಮಕ್ಕಳು ಶಾಲೆಗೆ ಹೋಗುತ್ತಿದ್ದರು ಎಂದು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ತೋಟದ ಲೈನ್ ಮನೆಗಳ ಮಾತು ಬೇರೆಯೇ. ಚಿಕ್ಕಂದಿನಲ್ಲಿ ಘಟ್ಟದ ಕೆಳಗಿನಿಂದ ಬಂದು ಇಲ್ಲೇ ಮುದುಕಿಯಾದ ಒಬ್ಬರಿಗೆ ನಾನು ತಿಂಗಳು ತಿಂಗಳು ಪಿಂಚಣಿ ಕೊಡುತ್ತಿದ್ದೆ. ಬೆರಳಚ್ಚಿನ ಯಂತ್ರ ಬಂದ ಮೇಲೆ ಆಕೆಯ ಹೆಬ್ಬೆರಳು ಅದಕ್ಕೆ ಹತ್ತುತ್ತಲೇ ಇರಲಿಲ್ಲ. ಕಾಫಿ ಹಣ್ಣು ಕುಯ್ದು, ಕಳೆ ಕಿತ್ತು ಗೆರೆಗಳೆಲ್ಲ ಸವೆದುಹೋಗಿದ್ದವು. ಸೀರೆ ಸೆರಗಿಗೆ ಒರೆಸಿ, ಎಣ್ಣೆ ಹಚ್ಚಿ, ಎಡಗೈ ಬಲಗೈ ಹತ್ತೂ ಬೆರಳು ನೋಡಿ, ಕೊನೆಗೆ ಕಿರುಬೆರಳು ಒಪ್ಪಿದಾಗ “ಇದೊಂದು ಕೆಲ್ಸ ಮಾಡಿಲ್ಲ ನೋಡಿ, ಅದಕ್ಕೇ ಉಳ್ಕೊಂಡಿದೆ” ಎಂದು ನಕ್ಕಿದ್ದರು. ಯಾವ ತೋಟದ ಯಾವ ಗಿಡ ಯಾವ ವರ್ಷ ನೆಟ್ಟದ್ದು ಎಂದು ತೋಟದ ಲೆಕ್ಕ ಬರೆಯುವ ರೈಟರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ತೀರಿಕೊಂಡರು, ಮಗ ಬಂದು ಪಾತ್ರೆಪಗಡೆ ಕಟ್ಟಿಕೊಂಡು ಹೋದ. ಮುಂದಿನ ತಿಂಗಳು ಆ ಮನೆಗೆ ಅಸ್ಸಾಮಿನ ಒಂದು ಸಂಸಾರ ಬಂತು. ಅವರಲ್ಲಿ ಯಾರಾದರೂ ಇಲ್ಲೇ ಸತ್ತರೆ ಅವರ ಪುಟವನ್ನೂ ನೀವೇ ಬರೆಯಬೇಕು, ದಯವಿಟ್ಟು. ಅವರ ಊರಿನವರು ಇಲ್ಲಿಗೆ ಬಂದು ಬರೆಯಲಾರರು.

ನನ್ನ ಹೆಂಡತಿಯ ಸೋದರಮಾವ ಹೇಮಾವತಿಯ ಮುಳುಗಡೆಯವರು. 1970ರ ದಶಕದಲ್ಲಿ ಗೊರೂರಿನಲ್ಲಿ ಅಣೆಕಟ್ಟು ಎದ್ದಾಗ ಊರು ಬಿಟ್ಟವರು. ಹಿನ್ನೀರಿನ ಅಂಚಿನಲ್ಲಿ ಶೆಟ್ಟಿಹಳ್ಳಿಯ ಪಾಳು ಇಗರ್ಜಿ ಇದೆಯಲ್ಲ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದು. ಭಾನುವಾರವಾದರೆ ಬೆಂಗಳೂರಿನ ಕಾರುಗಳು, ಮದುವೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು. ಒಂದು ಬೇಸಿಗೆ ಮಾವನನ್ನು ಹಿನ್ನೀರಿನ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವರು ನೀರಿನ ಕಡೆ ಕೈ ತೋರಿಸಿ, ಅಲ್ಲಿ ಗಾಣದವರ ಮನೆ, ಅದರ ಪಕ್ಕ ಹುಣಸೆಮರ, ಅಲ್ಲಿಂದ ನಮ್ಮ ಕಣಕ್ಕೆ ನೂರು ಹೆಜ್ಜೆ ಎಂದು ಹೇಳುತ್ತಾ ಹೋದರು. ಕೇಳಿಸಿಕೊಂಡೆವು. ಬರೆದುಕೊಳ್ಳಬೇಕು ಎಂದು ನನಗೂ ಹೊಳೆಯಲಿಲ್ಲ, ಪೆನ್ನು ಜೇಬಿನಲ್ಲೇ ಇತ್ತು. ಮಾವ ಈಗಿಲ್ಲ. ಆ ಊರು ಎರಡನೇ ಸಲ ಮುಳುಗಿತು.

ಈಗ ನನ್ನ ಮನೆಯದೇ ಒಂದು ಸಂಗತಿ. ಅವ್ವ ಹೋದ ಮೂರನೇ ದಿನ ಹಾಲು-ತುಪ್ಪ ಬಿಟ್ಟು ಬಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಅವ್ವನ ತವರಿನ ಕಡೆಯ ಒಬ್ಬ ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ಸುಮ್ಮನೆ ಅಂದರು: “ನಿಮ್ಮವ್ವ ಎಂಥ ಸಿಳ್ಳೆ ಹಾಕ್ತಿದ್ಲು ಕಣಪ್ಪ. ಈ ಗುಡ್ಡದಲ್ಲಿ ನಿಂತು ಹಾಕಿದ್ರೆ ಆ ಗುಡ್ಡದ ದನ ತಿರುಗಿ ಬರೋವು.” ನಾವು ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡೆವು. ಐವತ್ತು ವರ್ಷ ಅವ್ವನ ಜೊತೆ ಇದ್ದು ಒಂದು ದಿನವೂ ಅವ್ವನ ಸಿಳ್ಳೆ ಕೇಳಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬೈದಿದ್ದರಂತೆ, ಅಲ್ಲಿಗೆ ನಿಂತಿತಂತೆ. ಇನ್ನಷ್ಟು ಕೇಳೋಣ ಎನ್ನುವಷ್ಟರಲ್ಲಿ ಅಡಿಗೆಯವರು ಬಂದು ಹನ್ನೊಂದನೇ ದಿನಕ್ಕೆ ಎಷ್ಟು ಎಲೆ ಎಂದು ಕೇಳಿದರು, ಮಾತು ಅಕ್ಕಿ ಬೇಳೆಯ ಕಡೆ ತಿರುಗಿತು. ಆ ಅಜ್ಜಿ ಮುಂದಿನ ಮಳೆಗಾಲ ಕಾಣಲಿಲ್ಲ.

ಆದ್ದರಿಂದ ಬರೆಯಲು ಸರಿಯಾದ ಹೊತ್ತು ಯಾವುದೆಂದರೆ ಹಾಲು-ತುಪ್ಪಕ್ಕೂ ಹನ್ನೊಂದನೇ ದಿನಕ್ಕೂ ನಡುವಿನ ವಾರ. ಕೆಲವರಲ್ಲಿ ಶಿವಗಣಾರಾಧನೆ, ಮುಸಲ್ಮಾನರಲ್ಲಿ ನಲವತ್ತನೇ ದಿನದ ಫಾತಿಹಾ. ಹೆಸರು ಬೇರೆಯಾದರೂ ಎಲ್ಲರ ಮನೆಯಲ್ಲೂ ದೂರದವರು ಬಂದು ಕೂರುವ ಕೆಲವು ದಿನಗಳು ಇರುತ್ತವೆ. ಆಗ ಮಾತು ತಾನಾಗಿ ಬರುತ್ತದೆ. ಆರು ತಿಂಗಳ ಮೇಲೆ ಹೋಗಿ ಕೇಳಿದರೆ ‘ತುಂಬಾ ಒಳ್ಳೆಯವರು’ ಎನ್ನುತ್ತಾರೆ, ಮುಗಿಯಿತು. ನೋಂದಣಿಗೆ ಕಾಯ್ದೆ ಕೊಟ್ಟ 21 ದಿನ ಹೇಗೂ ಇದೆ. ಸರ್ಟಿಫಿಕೇಟಿಗೆ ಮನೆಯವರು ಬಂದಾಗ ಪಕ್ಕದ ಕೊಠಡಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಕಳಿಸಿ. ಅಲ್ಲಿ ಗ್ರಂಥಾಲಯದವರು ಇರುತ್ತಾರೆ, ಸಂಜೆ ಹೊತ್ತು ಕಾಲೇಜು ಹುಡುಗಿಯರು ಓದಲು ಬಂದಿರುತ್ತಾರೆ. ಅವರು ಕೇಳಿ ಬರೆದುಕೊಳ್ಳಲಿ. ಮನೆಗೇ ಹೋಗಿ ಜಗಲಿಯಲ್ಲಿ ಕೂತು ಬರೆದರೆ ಇನ್ನೂ ಒಳ್ಳೆಯದು.

ಇದಕ್ಕೆ ಕಾನೂನಿನಲ್ಲಿ ಜಾಗ ಎಲ್ಲಿ ಎಂದು ಯಾರಾದರೂ ಪಿಡಿಓ ಕೇಳಿಯಾರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಊರಿನ ಗಿಡಮರ, ಬೆಳೆ ತಳಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಗಂಧಸಾಲೆ ಭತ್ತದ ಹೆಸರು ಅದರಲ್ಲಿ ಬರುತ್ತದೆ ಎಂದಿಟ್ಟುಕೊಳ್ಳಿ. ಎಲ್ಲರೂ ಹೈಬ್ರಿಡ್ಡಿಗೆ ತಿರುಗಿದ ಮೇಲೂ ಪ್ರತಿ ವರ್ಷ ಎರಡು ಮಡಿ ಗಂಧಸಾಲೆ ಹಾಕಿ, ಬೀಜ ಮುಗ್ಗದ ಹಾಗೆ ಅಟ್ಟದಲ್ಲಿ ಕಾಪಾಡಿದ ನಮ್ಮ ಕೆಳಮನೆಯ ಅಮ್ಮನ ಹೆಸರು ಬರುವುದಿಲ್ಲ. ಭತ್ತಕ್ಕೆ ಪುಟ ಕೊಡಲು ಸಾಧ್ಯವಾದರೆ ಅವರಿಗೂ ಕೊಡಲು ಸಾಧ್ಯ. ದುಡ್ಡಿನ ಮಾತೆಂದರೆ, ಒಂದು ರಟ್ಟಿನ ಲೆಡ್ಜರು ಮತ್ತು ಎರಡು ಪೆನ್ನು. ಆ್ಯಪ್ ಮಾಡಿಸಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಸಾವು ಇರುತ್ತದೆ.

ಕೆಲವು ಭಯಗಳಿವೆ, ಅವನ್ನೂ ಹೇಳಬೇಕು. ದೊಡ್ಡ ಮನೆಯವರು ಇದನ್ನು ತಮ್ಮ ವಂಶಾವಳಿ ಮಾಡಿಕೊಳ್ಳಲು ನೋಡುತ್ತಾರೆ. ಎಲ್ಲರಿಗೂ ಒಂದೇ ಪುಟ, ಸತ್ತ ತಾರೀಕಿನ ಕ್ರಮದಲ್ಲಿ. ಸಾಹುಕಾರರ ಪುಟದ ಎದುರಿಗೆ ಅವರ ಆಳಿನ ಪುಟ ಬಂದರೆ ಬರಲಿ. ಜಾತಿಗೊಂದು ಪುಸ್ತಕ ಮಾಡುವ ಮಾತು ಬಂದರೆ ಪುಸ್ತಕವನ್ನೇ ನಿಲ್ಲಿಸಿಬಿಡಿ, ಸ್ಮಶಾನಕ್ಕೆ ಮಾಡಿದ್ದು ಸಾಕು. ಕೈಯಾರೆ ಜೀವ ಕಳೆದುಕೊಂಡವರ ವಿಷಯದಲ್ಲಿ ಕಾರಣ ಬರೆಯುವ ಅಗತ್ಯವಿಲ್ಲ, ಅದು ಪೊಲೀಸರ ಕಾಗದದಲ್ಲಿರುತ್ತದೆ. ಆ ಹುಡುಗ ವಾಲಿಬಾಲ್ ಹೇಗೆ ಆಡುತ್ತಿದ್ದ ಎಂಬುದನ್ನು ಬರೆಯಿರಿ. ಬರೀ ಹೊಗಳಿಕೆಯೂ ಬೇಡ. ಸೌದೆ ಒಟ್ಟುತ್ತಿದ್ದರು ಎಂದೆನಲ್ಲ, ಅವರು ತೆಗೆದುಕೊಂಡ ಸಾಲ ತೀರಿಸುತ್ತಿರಲಿಲ್ಲ. ನನಗೇ 800 ರೂಪಾಯಿ ಬರಬೇಕಿತ್ತು. ಅದೂ ಇರಲಿ.

ನಿಮ್ಮ ಉತ್ತರಕ್ಕೆ ಕಾಯದೆ ನಾವು ಶುರು ಮಾಡಿದ್ದೇವೆ. ಹೋದ ಸಂತೆಯ ದಿನ ಸಕಲೇಶಪುರದಿಂದ ಒಂದು ದಪ್ಪ ಲೆಡ್ಜರು ತಂದು ನಮ್ಮ ಅರಿವು ಕೇಂದ್ರದಲ್ಲಿ ಇಟ್ಟಿದ್ದೇನೆ. ಬಿ.ಎ. ಓದುವ ಇಬ್ಬರು ಹುಡುಗಿಯರು ಆ ಸೌದೆ ಒಟ್ಟುತ್ತಿದ್ದವರ ಮನೆಗೆ ಹೋಗಿ, ಹೆಂಡತಿಯನ್ನೂ ತಮ್ಮನನ್ನೂ ಮಾತಾಡಿಸಿ, ಒಪ್ಪಿಗೆ ಕೇಳಿ ಬರೆದುಕೊಂಡು ಬಂದರು. ಮೊದಲ ಪುಟದಲ್ಲಿ ಅವರ ಪೂರ್ತಿ ಹೆಸರು ಇದೆ, ಬೊಡ್ಡೆ ಒಣಗಿಸುವ ಅಟ್ಟ ಇದೆ, ಸೌದೆ ಒಟ್ಟುವ ಕ್ರಮ ಕುಂಟೆಯಿಂದ ಹಿಡಿದು ಗಾಳಿಬಾಯಿಯವರೆಗೆ ಇದೆ, 800 ರೂಪಾಯಿಯೂ ಇದೆ. ಅವರ ವಯಸ್ಸಿನ ವಿಷಯದಲ್ಲಿ ಆಧಾರ್ ಕಾರ್ಡಿಗೂ ಹೆಂಡತಿಗೂ ಏಳು ವರ್ಷ ವ್ಯತ್ಯಾಸ ಬಂತು. ಎರಡನ್ನೂ ಬರೆದಿದ್ದೇವೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ